ಮೈಸೂರಿಗೆ ಬಂದರೆ ಎಲ್ಲಿ ಉಳಿಯೋದು, ಏನು ಕೊಳ್ಳೋದು, ಸಂಜೆ ಎಲ್ಲಿ ಕೂರೋದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಟ್ಟಿ ಬೆಳೆದದ್ದು ಮೈಸೂರಿನ ಚಾಮುಂಡಿಪುರಂನಲ್ಲಿ. ನೆಂಟರು, ನೆಂಟರ ಸ್ನೇಹಿತರು, ಆ ಸ್ನೇಹಿತರ ಆಫೀಸಿನವರು, ಎಲ್ಲರೂ ಹೊರಡುವ ಹಿಂದಿನ ರಾತ್ರಿ ಫೋನ್ ಮಾಡಿ ಕೇಳುವುದು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳನ್ನು. ಅರಮನೆ, ಝೂ, ಬೃಂದಾವನದ ಬಗ್ಗೆ ಎಲ್ಲ ಕಡೆ ಮಾಹಿತಿ ಸಿಗುತ್ತದೆ. ಇಲ್ಲಿರುವುದು ಅಂಗಡಿ, ತಿಂಡಿ, ಬಾರು, ರೂಮಿನ ವಿಷಯ.

ಬೆಳಿಗ್ಗೆ ಬಂದು ಸಂಜೆ ವಾಪಸ್ ಹೋದರೆ ಸಾಕಲ್ವಾ?

ಸಾಲದು. 2023ರಲ್ಲಿ ಬೆಂಗಳೂರು ಹೆದ್ದಾರಿ ಆದ ಮೇಲೆ ಈ ಪ್ರಶ್ನೆ ಜಾಸ್ತಿಯಾಗಿದೆ. ಹತ್ತು ಗಂಟೆಗೆ ಬರುತ್ತಾರೆ, ಸುಡುಬಿಸಿಲಿನಲ್ಲಿ ಅರಮನೆ ಸುತ್ತುತ್ತಾರೆ, ಬೆಟ್ಟಕ್ಕೆ ಹೋಗಿ ಕ್ಯೂ ನಿಲ್ಲುತ್ತಾರೆ, ಐದು ಗಂಟೆಗೆ ಕಾರು ತಿರುಗಿಸುತ್ತಾರೆ. ಈ ಊರು ಚೆನ್ನಾಗಿರುವುದೇ ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಆರರ ಮೇಲೆ. ಆ ಎರಡೂ ಹೊತ್ತು ಅವರು ರಸ್ತೆಯ ಮೇಲೆ ಇರುತ್ತಾರೆ. ಒಂದು ರಾತ್ರಿಯಾದರೂ ಉಳಿಯಿರಿ, ಎರಡಾದರೆ ಇನ್ನೂ ಒಳ್ಳೆಯದು. ಕೆಳಗೆ ಬರೆದಿರುವುದೆಲ್ಲ ಉಳಿಯುವವರಿಗಾಗಿ.

ಹಾಗಾದರೆ ಯಾವ ದಿನ ಬರಬೇಕು?

ಶನಿವಾರ ಬಂದು ಸೋಮವಾರ ಮಧ್ಯಾಹ್ನ ಹೊರಡಿ. ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸಂಜೆ ಏಳಕ್ಕೆ ಅರಮನೆಗೆ ದೀಪ ಹಾಕುತ್ತಾರೆ. ಒಂದು ಲಕ್ಷದ ಹತ್ತಿರ ಬಲ್ಬುಗಳು. ಅವು ಒಟ್ಟಿಗೇ ಹತ್ತಿದಾಗ ಅಲ್ಲಿ ನಿಂತಿರುವ ಎಲ್ಲರ ಬಾಯಿಂದಲೂ ಒಂದೇ ಸಲ ಒಂದು ಸದ್ದು ಬರುತ್ತದೆ. ಎಷ್ಟು ಸಲ ನೋಡಿದ್ದರೂ ನನ್ನ ಬಾಯಿಂದಲೂ ಬರುತ್ತದೆ. ರೇಷ್ಮೆ ಕಾರ್ಖಾನೆ ನೋಡಬೇಕು ಅಂದರೆ ಭಾನುವಾರ ಆಗುವುದಿಲ್ಲ, ಅದಕ್ಕೇ ಸೋಮವಾರ ಬೇಕು. ಝೂಗೆ ಮಂಗಳವಾರ ರಜೆ.

ಯಾವ ಕಡೆ ರೂಮು ಮಾಡಿದರೆ ಅನುಕೂಲ?

ಮೊದಲ ಸಲ ಬರುವವರು ಗಾಂಧಿ ಚೌಕ, ಸಯ್ಯಾಜಿರಾವ್ ರಸ್ತೆ, ಧನ್ವಂತರಿ ರಸ್ತೆಯ ಸುತ್ತಮುತ್ತ ಮಾಡಿ. ಇಲ್ಲಿಂದ ಮಾರ್ಕೆಟ್ಟು, ಅರಮನೆ, ದೊಡ್ಡ ಗಡಿಯಾರ, ಚಿಕ್ಕ ಗಡಿಯಾರ ಅನ್ನುವ ಎರಡು ಗೋಪುರ, ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಗಾಂಧಿ ಚೌಕದ ದಾಸಪ್ರಕಾಶ್ ಹಳೇ ಕಾಲದ ಹೋಟೆಲ್. ನಮ್ಮ ತಾತನ ಕಾಲದಲ್ಲಿ ಊರಿಗೆ ಬಂದ ಮದುವೆ ದಿಬ್ಬಣಗಳು ಅಲ್ಲೇ ಇಳಿಯುತ್ತಿದ್ದವಂತೆ. ಥಳಕು ಬೇಡ, ಜಾಗ ಮುಖ್ಯ ಅನ್ನುವವರಿಗೆ ಈ ಭಾಗ ಸರಿ.

ರೈಲಿನಲ್ಲಿ ಬರುವವರು, ವಯಸ್ಸಾದವರನ್ನು ಕರೆದುಕೊಂಡು ಬರುವವರು ಝಾನ್ಸಿ ಲಕ್ಷ್ಮೀಬಾಯಿ ರಸ್ತೆಯ ಮಯೂರ ಹೊಯ್ಸಳ ನೋಡಿ. ಪ್ರವಾಸೋದ್ಯಮ ನಿಗಮದ್ದು. ಸ್ಟೇಷನ್ ಹತ್ತಿರ, ಸುತ್ತ ಮರಗಳಿವೆ.

ರೂಮು ನೋಡುವಾಗ ಒಂದು ವಿಷಯ ತಪ್ಪದೇ ಕೇಳಿ: ಕಿಟಕಿ ರಸ್ತೆ ಕಡೆಗಾ, ಹಿಂಭಾಗಕ್ಕಾ? ಪೇಟೆಯ ಲಾಡ್ಜುಗಳಲ್ಲಿ ಬೆಳಿಗ್ಗೆ ಐದಕ್ಕೆಲ್ಲ ತರಕಾರಿ ಗಾಡಿಗಳ ಸದ್ದು ಶುರುವಾಗುತ್ತದೆ.

ಅರಮನೆಯಂಥ ಹೋಟೆಲ್‌ಗಳಲ್ಲಿ ಉಳಿಯಬಹುದಾ?

ಮೂರು ಕಟ್ಟಡ ಹೇಳುತ್ತೇನೆ. ಬೆಟ್ಟದ ಬುಡದ ಲಲಿತ ಮಹಲ್ 1921ರಲ್ಲಿ ವೈಸ್‌ರಾಯ್ ಉಳಿಯಲು ಅಂತ ನಾಲ್ವಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದ್ದು. 1974ರಲ್ಲಿ ಹೋಟೆಲ್ ಆಯಿತು. ರೈಲ್ವೆ ಸ್ಟೇಷನ್ ಕಡೆಯ ಮೆಟ್ರೋಪೋಲ್ 1920ರದ್ದು. ಅದು ಮಹಾರಾಜರ ಬ್ರಿಟಿಷ್ ಅತಿಥಿಗಳಿಗಾಗಿ. ಇವೆರಡರ ನಿರ್ವಹಣೆಯೂ ವರ್ಷಗಳಿಂದ ಕೈಯಿಂದ ಕೈಗೆ ಹೋಗಿದೆ. ಆದ್ದರಿಂದ ಬುಕ್ ಮಾಡುವ ಮುಂಚೆ ನೇರವಾಗಿ ಫೋನ್ ಮಾಡಿ, ರೂಮು ಕೊಡುತ್ತಿದ್ದಾರಾ, ಯಾವ ಭಾಗದಲ್ಲಿ ಕೊಡುತ್ತಾರೆ, ಕೇಳಿಕೊಳ್ಳಿ.

ನನ್ನ ಮನಸ್ಸಿಗೆ ಹತ್ತಿರವಾದದ್ದು ಮೂರನೆಯದು, ಹುಣಸೂರು ರಸ್ತೆಯ ಗ್ರೀನ್ ಹೋಟೆಲ್. ಅದರ ಹಳೇ ಹೆಸರು ಚಿತ್ತರಂಜನ್ ಮಹಲ್, ರಾಜಮನೆತನದ ಹೆಣ್ಣುಮಕ್ಕಳಿಗಾಗಿ ಕಟ್ಟಿದ್ದು. ಲಾಭದ ಹಣ ಸಮಾಜ ಮತ್ತು ಪರಿಸರದ ಕೆಲಸಕ್ಕೆ ಹೋಗಬೇಕು ಅಂತಲೇ ನಡೆಸುವ ಹೋಟೆಲ್ ಇದು. ಬೇರೆ ಕಡೆ ಸುಲಭವಾಗಿ ಕೆಲಸ ಸಿಗದವರಿಗೆ ಇಲ್ಲಿ ಕೆಲಸ ಕೊಟ್ಟಿದ್ದಾರೆ. ಉಳಿಯದಿದ್ದರೂ ಪರವಾಗಿಲ್ಲ, ಆ ತೋಟದಲ್ಲಿ ಕೂತು ಒಂದು ಕಾಫಿ ಕುಡಿದು ಬನ್ನಿ. ಮರದ ಕೆಳಗಿನ ಕುರ್ಚಿ ಸಿಕ್ಕಿದರೆ ಎದ್ದು ಬರಲು ಮನಸ್ಸಾಗುವುದಿಲ್ಲ.

ಒಂದು ತಿಂಗಳು ಇರಬೇಕು, ಎಲ್ಲಿ ನೋಡಲಿ?

ಗೋಕುಲಂ. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗ ಕಲಿಯಲು ಹೊರದೇಶದವರು ಬರುತ್ತಲೇ ಇರುವುದರಿಂದ ಅಲ್ಲಿ ಮಹಡಿ ಮೇಲಿನ ಮನೆ, ಒಂದು ರೂಮು, ಅಡುಗೆ ಸೌಕರ್ಯ, ಎಲ್ಲ ತಿಂಗಳ ಲೆಕ್ಕದಲ್ಲಿ ಸಿಗುತ್ತದೆ. ಆನ್‌ಲೈನ್‌ನಲ್ಲಿ ಮುಂಗಡ ಕಟ್ಟಬೇಡಿ. ಎರಡು ದಿನ ಪೇಟೆಯಲ್ಲಿ ರೂಮು ಮಾಡಿಕೊಂಡು, ಗೋಕುಲಂ ಬೀದಿಗಳಲ್ಲಿ ನಡೆದು, ಮನೆಯವರನ್ನು ಕಂಡು ಮಾತಾಡಿ.

ದಸರಾಗೆ ಬರೋಣವಾ?

ಖಂಡಿತ ಬನ್ನಿ, ಆದರೆ ಎರಡು ತಿಂಗಳ ಮುಂಚೆ ರೂಮು ಮಾಡಿ. ಜಂಬೂಸವಾರಿಯ ಹಿಂದಿನ ಮೂರು ದಿನ ಬಾಡಿಗೆ ದುಪ್ಪಟ್ಟಿಗಿಂತ ಮೇಲೆ ಹೋಗುತ್ತದೆ. ಒಂದು ವರ್ಷ ದಾವಣಗೆರೆಯಿಂದ ಬಂದ ನಮ್ಮ ಮಾವನ ಮನೆಯವರಿಗೆ ಒಂದು ಲಾಡ್ಜ್ ಬುಕ್ ಮಾಡಿದ್ದೆ. ಅವರು ಬಂದು ಇಳಿದಾಗ ಆ ರೂಮು ಬೇರೆಯವರಿಗೆ ಹೋಗಿತ್ತು. ಜಾಸ್ತಿ ಕೊಟ್ಟವರು ಸಿಕ್ಕಿದ್ದರು, ಕೊಟ್ಟಿದ್ದರು, ಅಷ್ಟೇ. ಏಳು ಜನ ನಮ್ಮ ನಡುಮನೆಯಲ್ಲೇ ಮಲಗಿದರು. ಅವತ್ತಿನಿಂದ ಹಣ ಕಟ್ಟಿದ ರಸೀದಿ ಇಲ್ಲದೆ ನಾನು ದಸರಾ ಬುಕಿಂಗ್ ನಂಬುವುದಿಲ್ಲ.

ಜನಜಂಗುಳಿ ಆಗದವರು ಮೊದಲ ನಾಲ್ಕೈದು ದಿನಗಳಲ್ಲೇ ಬನ್ನಿ. ದೀಪಾಲಂಕಾರ ಅಷ್ಟೂ ಇರುತ್ತದೆ. ಅರಮನೆ ಮುಂದೆ ಸಂಗೀತ ಇರುತ್ತದೆ, ದೊಡ್ಡಕೆರೆ ಮೈದಾನದಲ್ಲಿ ವಸ್ತುಪ್ರದರ್ಶನ ಇರುತ್ತದೆ. ಕೂರಲು ಜಾಗವೂ ಸಿಗುತ್ತದೆ.

ಒಂದೇ ಒಂದು ಜಾಗಕ್ಕೆ ಹೋಗಲು ಟೈಮಿದೆ. ಎಲ್ಲಿಗೆ ಹೋಗಲಿ?

ದೇವರಾಜ ಮಾರುಕಟ್ಟೆ. ಬೆಳಿಗ್ಗೆ ಏಳಕ್ಕೆ.

ಚಿಕ್ಕ ಗಡಿಯಾರದ ಕಡೆಯಿಂದ ಒಳಗೆ ಹೋಗಿ. ನೂರು ವರ್ಷಕ್ಕೂ ಹಳೆಯ ಮಾರುಕಟ್ಟೆ ಇದು. ಸಾಲಿಗೊಂದು ಕಸುಬು. ಒಂದು ಸಾಲು ಪೂರ್ತಿ ಬಾಳೆಹಣ್ಣು, ಒಂದು ಸಾಲು ತೆಂಗಿನಕಾಯಿ, ಒಂದು ಸಾಲು ಬೆಲ್ಲ, ಮುಂದೆ ಗೋಪುರದ ಹಾಗೆ ರಾಶಿ ಹಾಕಿದ ಕುಂಕುಮ, ಅರಿಶಿನ. ಹೂವಿನ ಸಾಲಿನಲ್ಲಿ ಸ್ವಲ್ಪ ಹೊತ್ತು ಸುಮ್ನೆ ನಿಲ್ಲಿ. ಹೂ ಕಟ್ಟುವವರು ನಿಮ್ಮ ಮುಖ ನೋಡಿಕೊಂಡು ಮಾತಾಡುತ್ತಿರುತ್ತಾರೆ, ಬೆರಳು ಮಾತ್ರ ಅದರ ಪಾಡಿಗೆ ಅದು ಓಡುತ್ತಿರುತ್ತದೆ. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ದಾರ ಒಂದು ಸುತ್ತು, ಒಂದು ಎಳೆತ. ಆಮೇಲೆ ಮೊಣಕೈಯಿಂದ ಬೆರಳ ತುದಿವರೆಗೆ ಹಿಡಿದು ಮೊಳ ಅಳೆಯುತ್ತಾರೆ. ಉದ್ದ ಕೈಯವರ ಹತ್ತಿರ ಕೊಳ್ಳಬೇಕು ಅಂತ ನಮ್ಮಜ್ಜಿ ಹೇಳಿಕೊಟ್ಟಿದ್ದರು. ನಾನು ಈಗಲೂ ಕೈ ನೋಡಿಯೇ ನಿಲ್ಲುವುದು.

ವೀಳ್ಯದೆಲೆ ಒಂದು ಕಟ್ಟು ತೆಗೆದುಕೊಳ್ಳಿ. ಮೈಸೂರು ಎಲೆ ತೆಳು, ಮೆತ್ತಗೆ, ಖಾರ ಕಮ್ಮಿ. ನಮ್ಮ ಕಡೆ ಎಲೆತೋಟ ಅನ್ನುವ ಜಾಗಕ್ಕೆ ಆ ಹೆಸರು ಬಂದದ್ದೇ ಈ ಎಲೆಯಿಂದ. ನಂಜನಗೂಡು ರಸಬಾಳೆ ಕೇಳಿ, ಆದರೆ ಸಿಗುತ್ತದೆ ಅಂತ ಲೆಕ್ಕ ಹಾಕಿಕೊಂಡು ಹೋಗಬೇಡಿ. ಸೊರಗು ರೋಗ ಬಂದು ತೋಟಗಳೇ ಕಮ್ಮಿಯಾಗಿವೆ. ಎಲ್ಲ ಗಾಡಿಯಲ್ಲೂ ರಸಬಾಳೆ ಅಂತ ಕೂಗಿದರೆ ಅದು ರಸಬಾಳೆಯಲ್ಲ. ಈರನಗೆರೆ ಬದನೆಕಾಯಿ ಕಂಡರೆ ಮಾತ್ರ ಯೋಚನೆ ಮಾಡದೆ ಚೀಲಕ್ಕೆ ಹಾಕಿ. ಎಣ್ಣೆಗಾಯಿಗೆ ಅದನ್ನು ಬಿಟ್ಟರೆ ಇನ್ನೊಂದಿಲ್ಲ.

2016ರ ಆಗಸ್ಟ್‌ನಲ್ಲಿ ಮಾರುಕಟ್ಟೆಯ ಒಂದು ಭಾಗ ಕುಸಿಯಿತು. ಕೆಡವಿ ಕಟ್ಟಬೇಕಾ, ದುರಸ್ತಿ ಮಾಡಬೇಕಾ ಅನ್ನುವ ಜಗಳ ಕೋರ್ಟಿನವರೆಗೂ ಹೋಯಿತು. ನನ್ನ ಮಾತು ಕೇಳಿದರೆ ದುರಸ್ತಿಯೇ ಆಗಬೇಕು. ಹೊಸ ಕಟ್ಟಡ ಎಲ್ಲಿ ಬೇಕಾದರೂ ಏಳುತ್ತದೆ. ಈ ಸಾಲುಗಳಲ್ಲಿ ಮೂರು ತಲೆಮಾರಿನಿಂದ ಕೂತವರನ್ನು ಒಮ್ಮೆ ಎಬ್ಬಿಸಿದರೆ ಮತ್ತೆ ಅದೇ ಜಾಗಕ್ಕೆ ತಂದು ಕೂರಿಸಲಾಗುವುದಿಲ್ಲ.

ಅಸಲಿ ಮೈಸೂರು ಸಿಲ್ಕ್ ಸೀರೆ ಎಲ್ಲಿ ಕೊಳ್ಳೋದು? ಮೋಸ ಹೋಗದಿರಲು ಏನು ನೋಡಬೇಕು?

ಕೆಎಸ್‌ಐಸಿ, ಅಂದರೆ ಸರ್ಕಾರದ ರೇಷ್ಮೆ ನಿಗಮದ ಮಳಿಗೆಯಲ್ಲಿ ಮಾತ್ರ. ಮಾನಂದವಾಡಿ ರಸ್ತೆಯ ಕಾರ್ಖಾನೆ ಪಕ್ಕದಲ್ಲೇ ಒಂದಿದೆ, ಕೆ.ಆರ್. ವೃತ್ತದಲ್ಲಿ ಒಂದಿದೆ. ಕಾರ್ಖಾನೆ 1912ರದ್ದು. ನಾಲ್ವಡಿಯವರು ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿ ಶುರು ಮಾಡಿದ್ದು. ಜರಿಯಲ್ಲಿ ಶೇ. 65ರಷ್ಟು ಬೆಳ್ಳಿ, ಶೇ. 0.65ರಷ್ಟು ಚಿನ್ನ ಇರುತ್ತದೆ. ಪ್ರತಿ ಸೀರೆಗೂ ಅದರದ್ದೇ ಒಂದು ನಂಬರ್ ಇರುತ್ತದೆ, ಹಾಲೋಗ್ರಾಮ್ ಇರುತ್ತದೆ. ಅವೆರಡನ್ನೂ ಅಲ್ಲೇ ನಿಂತು ನೋಡಿ, ಬಿಲ್ಲು ಜೋಪಾನವಾಗಿಡಿ.

ಹೊರಗೆ ಬೀದಿಯಲ್ಲಿ ಮೈಸೂರು ಸಿಲ್ಕ್ ಅಂತ ಬೋರ್ಡು ಹಾಕಿದ ಅಂಗಡಿಗಳು ಬೇಕಾದಷ್ಟಿವೆ. ನಮ್ಮ ಚಿಕ್ಕಮ್ಮ ಅಂಥ ಒಂದು ಕಡೆ ಮಗಳ ಮದುವೆಗೆ ನಾಲ್ಕು ಸೀರೆ ತೆಗೆದರು. ಒಂದೇ ವರ್ಷಕ್ಕೆ ಜರಿ ಕಪ್ಪಾಯಿತು. ಮನೆಯಲ್ಲಿ ಅಮ್ಮನ ಮದುವೆಯ ಕೆಎಸ್‌ಐಸಿ ಸೀರೆ ಇದೆ, ಬಾಟಲಿ ಹಸಿರು, ಬರೀ ಅಂಚಿಗೆ ಜರಿ. ಪೆಟ್ಟಿಗೆಯಿಂದ ತೆಗೆದು ಮಡಿಕೆ ಬಿಚ್ಚಿದರೆ ಕೈಯಿಂದ ನೀರಿನ ಹಾಗೆ ಜಾರುತ್ತದೆ. ಹೆಗಲ ಮೇಲೆ ಹಾಕಿದರೆ ಅದರ ತೂಕ ಗೊತ್ತಾಗುತ್ತದೆ. ಎರಡೂ ಸೀರೆ ಪಕ್ಕಪಕ್ಕ ಇಟ್ಟು ನೋಡಿದ ದಿನ ಚಿಕ್ಕಮ್ಮ ಅತ್ತುಬಿಟ್ಟರು.

ಹಬ್ಬದ ಮುಂಚೆ, ಅದರಲ್ಲೂ ವರಮಹಾಲಕ್ಷ್ಮಿ ಸಮಯದಲ್ಲಿ, ಬೇಡಿಕೆ ಜಾಸ್ತಿ. ಬಾಗಿಲು ತೆಗೆಯುವ ಮೊದಲೇ ಹೋಗಿ ನಿಲ್ಲಿ. ಕಾರ್ಖಾನೆ ಒಳಗೆ ನೇಯ್ಗೆ ನೋಡಲು ಬಿಡುತ್ತಾರೆ, ಫೋಟೋ ತೆಗೆಯಲು ಬಿಡುವುದಿಲ್ಲ. ಮಗ್ಗಗಳ ಸದ್ದಿಗೆ ಪಕ್ಕದವರ ಮಾತೂ ಕೇಳುವುದಿಲ್ಲ. ಆ ಸದ್ದಿನ ನಡುವೆ ಒಂದು ಎಳೆ ಕಡಿದದ್ದನ್ನು ಕಣ್ಣಲ್ಲೇ ಕಂಡು ಗಂಟು ಹಾಕುವವರನ್ನು ನೋಡಿದ ಮೇಲೆ ಸೀರೆಯ ಬೆಲೆ ಬಗ್ಗೆ ಗೊಣಗಲು ಮನಸ್ಸು ಬರುವುದಿಲ್ಲ.

ಗಂಧ, ಗಂಧದೆಣ್ಣೆ, ಅಗರಬತ್ತಿ?

ಗಂಧಕ್ಕೆ ಸಯ್ಯಾಜಿರಾವ್ ರಸ್ತೆಯ ಕಾವೇರಿ ಎಂಪೋರಿಯಂಗೆ ಹೋಗಿ. ಕರಕುಶಲ ನಿಗಮದ್ದು, ಬೆಲೆ ನಿಗದಿ. ಬೀಟೆ ಮರದಲ್ಲಿ ಬಣ್ಣಬಣ್ಣದ ಮರದ ಚೂರು ಕೂರಿಸಿ ಚಿತ್ರ ಮಾಡುವ ಇನ್‌ಲೇ ಕೆಲಸವೂ ಅಲ್ಲೇ ಸಿಗುತ್ತದೆ. ಅದು ಮೈಸೂರಿನದೇ ಕಸುಬು. ಹತ್ತಿರದಿಂದ ನೋಡಿ, ಒಳ್ಳೆಯ ತುಂಡಿನಲ್ಲಿ ಬಣ್ಣ ಬಳಿದಿರುವುದಿಲ್ಲ, ಮರದ ಸ್ವಂತ ಬಣ್ಣವೇ ಇರುತ್ತದೆ.

ಎಣ್ಣೆಗೆ ಸರ್ಕಾರಿ ಮಳಿಗೆ ಬಿಟ್ಟು ಬೇರೆ ಕಡೆ ಹೋಗಬೇಡಿ. ಇಲ್ಲಿನ ಗಂಧದೆಣ್ಣೆ ಕಾರ್ಖಾನೆ ಶುರುವಾದದ್ದು 1916ರಲ್ಲಿ. ಮೊದಲ ಮಹಾಯುದ್ಧ ಬಂದು, ಯುರೋಪಿಗೆ ಹೋಗುತ್ತಿದ್ದ ಗಂಧದ ಮರ ಇಲ್ಲೇ ರಾಶಿ ಬಿದ್ದಾಗ, ಎಣ್ಣೆಯನ್ನು ನಾವೇ ತೆಗೆಯೋಣ ಅಂತ ಮಾಡಿದ್ದು. ರಸ್ತೆ ಬದಿಯಲ್ಲಿ ಮುಂಗೈಗೆ ಹಚ್ಚಿ ಮೂಸಲು ಕೊಡುವ ಸಣ್ಣ ಬಾಟಲಿಗಳನ್ನು ಸುಗಂಧ ಅಂತ ಕೊಳ್ಳಿ, ತೊಂದರೆಯಿಲ್ಲ. ಗಂಧದೆಣ್ಣೆ ಅಂತ ಮಾತ್ರ ಕೊಳ್ಳಬೇಡಿ.

ಅಗರಬತ್ತಿ ಎಲ್ಲಿ ಕೊಂಡರೂ ಚೆನ್ನಾಗಿರುತ್ತದೆ.

ಆಟೋದವರು ಒಂದು ಎಂಪೋರಿಯಂಗೆ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಾರೆ. ಹೋಗಬಹುದಾ?

ಬೇಡ. ಕಮಿಷನ್ ಇರುತ್ತದೆ, ಅದು ನಿಮ್ಮ ಬಿಲ್ಲಿಗೇ ಸೇರುತ್ತದೆ. ಆಟೋದವರೆಲ್ಲ ಹಾಗಲ್ಲ. ಮೀಟರ್ ಹಾಕಿ ಕರೆದುಕೊಂಡು ಹೋಗಿ, ಮರೆತ ಕೊಡೆಯನ್ನು ವಾಪಸ್ ತಂದುಕೊಟ್ಟವರೂ ಇದೇ ಊರಿನವರು. ಹೋಗುವ ಅಂಗಡಿಯ ಹೆಸರನ್ನು ಹತ್ತುವಾಗಲೇ ಹೇಳಿಬಿಡಿ.

ಮೈಸೂರು ಪಾಕ್ ಎಲ್ಲಿ ಚೆನ್ನಾಗಿರುತ್ತದೆ?

ಮಾರುಕಟ್ಟೆ ಮೂಲೆಯಲ್ಲಿ, ಸಯ್ಯಾಜಿರಾವ್ ರಸ್ತೆಗೆ ಮುಖ ಮಾಡಿ ಗುರು ಸ್ವೀಟ್ ಮಾರ್ಟ್ ಇದೆ. ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರು ಮೈಸೂರು ಪಾಕ್ ಮಾಡಿದರು ಅಂತ ಹೇಳುತ್ತಾರಲ್ಲ, ಅವರ ವಂಶದವರ ಅಂಗಡಿ. ಚಿಕ್ಕ ಅಂಗಡಿ, ನಿಂತೇ ಕೊಳ್ಳಬೇಕು. ಮೊದಲು ಒಂದು ತುಂಡು ತೆಗೆದುಕೊಂಡು ಅಲ್ಲೇ ತಿನ್ನಿ, ಆಮೇಲೆ ಕಟ್ಟಿಸಿಕೊಳ್ಳಿ.

ಈಗ ಎಲ್ಲ ಕಡೆ ಬೆಣ್ಣೆ ಹಾಗೆ ಕರಗುವ ತುಪ್ಪದ ಮೈಸೂರು ಪಾಕ್‌ಗೇ ಹೆಸರು. ನನಗೆ ಇಷ್ಟ ಹಳೇ ಬಗೆಯದು. ಕಾದ ತುಪ್ಪ ಸುರಿಯುತ್ತಿದ್ದ ಹಾಗೆ ಕಡಲೆಹಿಟ್ಟಿನ ಪಾಕ ಬುಸ್ಸಂತ ಉಬ್ಬುತ್ತದೆ, ಅದನ್ನು ತಟ್ಟೆಗೆ ಹೊಯ್ದ ಮೇಲೂ ನಡುಭಾಗ ಒಳಗೇ ಬೇಯುತ್ತಿರುತ್ತದೆ. ಹಾಗಾಗಿ ಅಂಚು ತಿಳಿ ಹಳದಿ, ನಡುವೆ ಕಂದು. ತುಂಡನ್ನು ಬೆಳಕಿಗೆ ಹಿಡಿದರೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ತೂತು. ಕಚ್ಚಿದರೆ ಮೊದಲು ಮುರಿಯಬೇಕು, ಆಮೇಲೆ ಕರಗಬೇಕು. ಇಂಥದ್ದು ಬೇಕಾದರೆ ಯಾವ ಅಂಗಡಿಯಲ್ಲಾದರೂ "ಗಟ್ಟಿ ಮೈಸೂರು ಪಾಕ್" ಅಂತ ಬಾಯಿಬಿಟ್ಟು ಕೇಳಿ.

ಬೆಳಗಿನ ತಿಂಡಿಗೆ?

ನಜರಬಾದಿನ ಮೈಲಾರಿ. ಒಂದೇ ಬೀದಿಯಲ್ಲಿ ಆ ಹೆಸರಿನ ಎರಡು ಹೋಟೆಲ್ ಇವೆ, ಯಾವುದು ಮೂಲ ಅಂತ ಊರಿನವರು ಇನ್ನೂ ವಾದ ಮಾಡುತ್ತಾರೆ. ಎರಡರಲ್ಲೂ ದೋಸೆ ಹತ್ತಿಯ ಹಾಗೆ ಮೆತ್ತಗಿರುತ್ತದೆ. ಮೇಲೆ ಬೆಣ್ಣೆ, ಪಕ್ಕದಲ್ಲಿ ಕಾಯಿ ಚಟ್ನಿ. ಸಾಂಬಾರ್ ಕೇಳಬೇಡಿ. ಗರಿಗರಿ ದೋಸೆ ಬೇಕು ಅನ್ನುವವರಿಗೆ ಇದು ಹಿಡಿಸುವುದಿಲ್ಲ. ಅವರು ನಮ್ಮ ಚಾಮುಂಡಿಪುರಂನ ಗಾಯತ್ರಿ ಟಿಫಿನ್ ರೂಮಿಗೆ ಬನ್ನಿ. ಭಾನುವಾರ ಕಾಯಬೇಕಾಗುತ್ತದೆ, ಕಾಯಿರಿ.

ನಾನ್‌ವೆಜ್?

ಮಂಡಿ ಮೊಹಲ್ಲಾದ ಹನುಮಂತು ಹೋಟೆಲ್‌ನ ಮಟನ್ ಪಲಾವ್. ಬೇಗ ಹೋಗಿ, ಖಾಲಿಯಾದರೆ ಖಾಲಿ. ಆಂಧ್ರ ಊಟ, ಬಿರಿಯಾನಿ ಬೇಕಿದ್ದರೆ ಗಾಂಧಿ ಚೌಕದ ಆರ್‌ಆರ್‌ಆರ್.

ಸಂಜೆ ಒಂದು ಬಿಯರ್ ಕುಡಿಯಲು ಎಲ್ಲಿ ಕೂರೋದು?

ಬೆಂಗಳೂರಿನ ಥರ ಒಂದೇ ಬೀದಿಯಲ್ಲಿ ಇಪ್ಪತ್ತು ಪಬ್ಬು ಇಲ್ಲಿಲ್ಲ. ನಮ್ಮದು ಬೇಗ ಮಲಗುವ ಊರು. ಏಳಕ್ಕೆ ಕೂತು, ಹತ್ತಕ್ಕೆ ಊಟ ಮುಗಿಸಿ ಏಳುವುದು ಇಲ್ಲಿನ ರೂಢಿ.

ಕರ್ಜನ್ ಪಾರ್ಕ್ ರಸ್ತೆಯ ಪಾರ್ಕ್‌ಲೇನ್ ಹೋಟೆಲ್ ನಮ್ಮ ಗುಂಪಿನ ಹಳೇ ಜಾಗ. ಅರಮನೆಯಿಂದ ನಡೆದೇ ಬರಬಹುದು. ಕಾಲೇಜು ಮುಗಿಸಿದ ವರ್ಷ ಮೊದಲ ಸಂಬಳದಲ್ಲಿ ನಾವು ನಾಲ್ಕು ಜನ ಕೂತದ್ದು ಅಲ್ಲೇ. ಈಗಲೂ ಯಾರಾದರೂ ಹೊರದೇಶದಿಂದ ಬಂದರೆ ಸೇರುವುದು ಅಲ್ಲೇ. ಕುಟುಂಬದವರು, ಹೊರಗಿನಿಂದ ಬಂದವರು, ಒಬ್ಬರೇ ಬಂದು ಕೂತವರು, ಎಲ್ಲರೂ ಇರುತ್ತಾರೆ. ಯಾರೂ ಯಾರನ್ನೂ ತಿರುಗಿ ನೋಡುವುದಿಲ್ಲ. ನನಗೆ ಬಾರಿನಲ್ಲಿ ಬೇಕಾದದ್ದೂ ಅದೇ.

ಹುಣಸೂರು ರಸ್ತೆ ಕಡೆ ಉಳಿದವರಿಗೆ ಪೆಲಿಕನ್ ಪಬ್. ಹುಡುಗರು ಜಾಸ್ತಿ, ಹಾಡಿನ ಸದ್ದೂ ಜಾಸ್ತಿ.

ಇನ್ನು ಬೀದಿಬೀದಿಯ ಬಾರ್ ಅಂಡ್ ರೆಸ್ಟೋರೆಂಟುಗಳು. ಕೆಳಗೆ ನಿಂತು ಕುಡಿಯುವವರು, ಮೇಲೆ ಫ್ಯಾಮಿಲಿ ರೂಮು. ನೋಡಲು ಕತ್ತಲೆಯಾಗಿದ್ದರೂ ಎಷ್ಟೋ ಕಡೆ ಅಡುಗೆ ಬಹಳ ಚೆನ್ನಾಗಿರುತ್ತದೆ. ನಂಚಿಕೊಳ್ಳಲು ಮಸಾಲೆ ಕಡಲೆಬೀಜ, ಎಗ್ ಬುರ್ಜಿ, ಪೆಪ್ಪರ್ ಚಿಕನ್ ಹೇಳಿ. ಕುಡಿಯದವರೂ ಜೊತೆಗೆ ಬಂದು ಹೊಟ್ಟೆ ತುಂಬ ತಿಂದು ಹೋಗುತ್ತಾರೆ.

ಎರಡು ಮಾತು ನೆನಪಿಡಿ. ಅಕ್ಟೋಬರ್ 2ಕ್ಕೆ ಮದ್ಯ ಸಿಗುವುದಿಲ್ಲ, ಎಷ್ಟೋ ವರ್ಷ ಅದು ದಸರಾ ಆಸುಪಾಸಿನಲ್ಲೇ ಬರುತ್ತದೆ. ಕುಡಿದ ಮೇಲೆ ಚಾಮುಂಡಿ ಬೆಟ್ಟಕ್ಕೆ ಗಾಡಿ ಹತ್ತಿಸಬೇಡಿ. ರಾತ್ರಿ ದೀಪ ನೋಡುತ್ತೇವೆ ಅಂತ ಹೋಗಿ ತಿರುವಿನಲ್ಲಿ ಬಿದ್ದವರನ್ನು ಆಸ್ಪತ್ರೆಯಲ್ಲಿ ನೋಡಿ ಬಂದಿದ್ದೇನೆ. ಬೆಟ್ಟಕ್ಕೆ ಬೆಳಿಗ್ಗೆ ಮೆಟ್ಟಿಲು ಹತ್ತಿ ಹೋಗಿ.

ಹೆಂಗಸರು ಹೋಗಿ ಕೂರಬಹುದಾ?

ಮೇಲೆ ಹೆಸರು ಹೇಳಿದ ಎರಡು ಜಾಗದಲ್ಲೂ, ದೊಡ್ಡ ಹೋಟೆಲ್‌ಗಳ ಬಾರುಗಳಲ್ಲೂ ಧಾರಾಳವಾಗಿ. ನನ್ನ ಅಕ್ಕ, ಅವಳ ಗೆಳತಿಯರು ಹೋಗುತ್ತಾರೆ. ಬೀದಿಯ ಸಣ್ಣ ಬಾರುಗಳಲ್ಲಿ ಮಹಡಿಗೆ ಹೋಗಿ ಕೂರುವುದು ನೆಮ್ಮದಿ.

ಪುಸ್ತಕದ ಅಂಗಡಿ?

ಹಳೇ ಪುಸ್ತಕ ಅಂದರೆ ನಮಗೆಲ್ಲ ನೆನಪಾಗುತ್ತಿದ್ದದ್ದು ಲ್ಯಾನ್ಸ್‌ಡೌನ್ ಕಟ್ಟಡದ ಕಮಾನುಗಳ ಕೆಳಗಿನ ಅಂಗಡಿಗಳು. ಶಾಲೆ ಶುರುವಾಗುವ ವಾರ ಇಡೀ ಊರಿನ ಮಕ್ಕಳು ಅಲ್ಲಿರುತ್ತಿದ್ದರು. ಹಿಂದಿನ ವರ್ಷದ ಪುಸ್ತಕ ಕೊಟ್ಟು, ಮುಂದಿನ ವರ್ಷದ್ದು ಅರ್ಧ ಬೆಲೆಗೆ ತರುತ್ತಿದ್ದೆವು. ಯಾರದೋ ಹೆಸರಿನ ಮೇಲೆ ಗೆರೆ ಎಳೆದು ನನ್ನ ಹೆಸರು ಬರೆದುಕೊಳ್ಳುತ್ತಿದ್ದೆ. 2012ರ ಆಗಸ್ಟ್‌ನಲ್ಲಿ ಆ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು, ಅಂಗಡಿಗಳು ಚದುರಿಹೋದವು. ಆ ದಾರಿಯಲ್ಲಿ ಹೋದಾಗ ಕಮಾನುಗಳನ್ನು ಒಮ್ಮೆ ನಿಂತು ನೋಡಿ.

ಅರಸು ರಸ್ತೆ, ಅಶೋಕ ರಸ್ತೆ, ಸಂತೇಪೇಟೆ, ಇವುಗಳಲ್ಲಿ ಏನು ಸಿಗುತ್ತದೆ?

ಅರಸು ರಸ್ತೆಯಲ್ಲಿ ರೆಡಿಮೇಡ್ ಬಟ್ಟೆ. ಅಶೋಕ ರಸ್ತೆಯಲ್ಲಿ ಚಿನ್ನ ಬೆಳ್ಳಿ. ಸಂತೇಪೇಟೆಯಲ್ಲಿ ದಿನಸಿ, ಸಗಟು ಬೆಲೆಗೆ. ಶಿವರಾಂಪೇಟೆಯ ಮನ್ನಾರ್ಸ್ ಮಾರ್ಕೆಟ್ಟಿನಲ್ಲಿ ಬಟ್ಟೆಬರೆ ಚೌಕಾಸಿ ಮಾಡಿ ತೆಗೆಯಬಹುದು.

ಮೈಸೂರು ಮಲ್ಲಿಗೆ ಊರಿಗೆ ಒಯ್ಯಬಹುದಾ? ಬಾಡುತ್ತದಲ್ವಾ?

ಒಯ್ಯಬಹುದು. ಹೂವನ್ನು ಮೊದಲೇ ಕೊಳ್ಳಬೇಡಿ, ಎಲ್ಲ ಮುಗಿಸಿ ರೈಲಿಗೆ ಹೊರಡುವಾಗ ಕೊಳ್ಳಿ. ಅರಳಿದ್ದು ಬೇಡ, ಮೊಗ್ಗೇ ಕೇಳಿ. ಪ್ಲಾಸ್ಟಿಕ್ ಕವರಿಗೆ ಹಾಕಿಸಬೇಡಿ, ಬೆವರಿ ಕಪ್ಪಾಗುತ್ತದೆ. "ದೂರ ಹೋಗಬೇಕು, ಎಲೆಯಲ್ಲಿ ಕಟ್ಟಿಕೊಡಿ" ಅಂದರೆ ಬಾಳೆಲೆಯಲ್ಲಿ ಸುತ್ತಿ, ನೀರು ಚಿಮುಕಿಸಿ, ಬಾಳೆನಾರಿನಿಂದ ಬಿಗಿದು ಕೊಡುತ್ತಾರೆ. ಬ್ಯಾಗಿನ ಮೇಲ್ಭಾಗದಲ್ಲಿಡಿ. ಮಂಡ್ಯ ದಾಟುವ ಹೊತ್ತಿಗೆ ಮೊಗ್ಗು ಬಿರಿಯಲು ಶುರುವಾಗುತ್ತದೆ. ಪಕ್ಕದ ಸೀಟಿನವರು ಎಲ್ಲಿಂದ ತಂದಿರಿ ಅಂತ ಕೇಳುತ್ತಾರೆ.